ಶುಭಸಂದೇಶ ಹೊತ್ತ ಚರ್ಮದ ಚೀಲ

ಐರ್ಲೆಂಡ್ ದೇಶದ ರಾಜಧಾನಿ ಡಬ್ಲಿನ್‌ಗೆ ಹೋಗುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಟ್ರಿನಿಟಿ ಕಾಲೇಜಿನ ‘ಕೆಲ್ಸ್ ಗ್ರಂಥ’ವನ್ನು. ಸುಮಾರು ಕ್ರಿ.ಶ. 800ರಲ್ಲಿ ಸನ್ಯಾಸಿಗಳು ಕೈಯಾರೆ ಬರೆದು ಬಣ್ಣ ತುಂಬಿದ ನಾಲ್ಕು ಶುಭಸಂದೇಶಗಳ ಪುಸ್ತಕವದು. ಅದರ ಪುಟಗಳಲ್ಲಿ ಹಗ್ಗದ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಂತೆ ಕಾಣುವ ಚಿತ್ತಾರವೇ ಕೆಲ್ಟಿಕ್ ಗಂಟು. ಅಲ್ಲಿನ ಚರ್ಮದ ಅಂಗಡಿಗಳಲ್ಲಿ ಬೆಲ್ಟು, ಪರ್ಸು, ಕೈಚೀಲ, ಪುಸ್ತಕದ ಹೊದಿಕೆಗಳ ಮೇಲೂ ಇದೇ ಗಂಟು ಕಾಣುತ್ತದೆ.

ಅಂಗಡಿಯವರು ಈ ಗಂಟಿಗೆ ಪ್ರೀತಿ, ಅದೃಷ್ಟ, ಅನಂತತೆ ಎಂದು ಹಲವು ಅರ್ಥ ಹೇಳುತ್ತಾರೆ. ಕ್ರೈಸ್ತಪೂರ್ವ ಕಾಲದ ರಹಸ್ಯ ಚಿಹ್ನೆ ಎಂದು ಹೇಳುವವರೂ ಉಂಟು. ಆದರೆ ಪ್ರಾಚೀನ ಕೆಲ್ಟರ ಕಲೆಯಲ್ಲಿ ಸುರುಳಿಗಳಿದ್ದವೇ ಹೊರತು ಈ ಹೆಣಿಗೆ ಇರಲಿಲ್ಲ. ಹೆಣಿಗೆ ಅಲ್ಲಿ ಅರಳಿದ್ದು ಏಳನೆಯ ಶತಮಾನದಲ್ಲಿ, ಕ್ರೈಸ್ತ ಮಠಗಳಲ್ಲಿ ಶುಭಸಂದೇಶದ ಪ್ರತಿಗಳನ್ನು ಬರೆಯುವಾಗ. ದೇವರ ವಾಕ್ಯವನ್ನು ಸಿಂಗರಿಸಲೆಂದು ಬೆಳೆದ ಕಲೆ ಇದು.

ಆ ಕಾಲದ ಐರಿಷ್ ಮಠಗಳಲ್ಲಿ ಪುಸ್ತಕಗಳನ್ನು ಚರ್ಮದ ಚೀಲದಲ್ಲಿ ಹಾಕಿ ಗೋಡೆಯ ಗೂಟಕ್ಕೆ ನೇತುಹಾಕುತ್ತಿದ್ದರು. ಪ್ರಯಾಣ ಹೊರಟಾಗ ಅದೇ ಚೀಲ ಹೆಗಲೇರುತ್ತಿತ್ತು. ಸುಮಾರು 700ರಲ್ಲಿ ಮಠಾಧಿಪತಿ ಅಡಮ್ನಾನ್ ಬರೆದ ಸಂತ ಕೊಲುಂಬರ ಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ಪುಸ್ತಕದ ಚೀಲ ಹೊತ್ತ ಯುವಕನೊಬ್ಬ ಕುದುರೆಯಿಂದ ಬಾಯ್ನ್ ನದಿಗೆ ಬಿದ್ದು ಸಾಯುತ್ತಾನೆ. ಇಪ್ಪತ್ತು ದಿನಗಳ ಮೇಲೆ ಚೀಲ ತೆರೆದಾಗ ಉಳಿದ ಪುಸ್ತಕಗಳು ಕೊಳೆತಿದ್ದವಂತೆ. ಸಂತರು ಸ್ವಹಸ್ತದಿಂದ ಬರೆದ ಹಾಳೆ ಮಾತ್ರ ಹಾಗೆಯೇ ಉಳಿದಿತ್ತಂತೆ.

ಅಂಥ ಚೀಲಗಳಲ್ಲಿ ಕೆಲವು ಉಳಿದುಬಂದಿವೆ. ಸಂತ ಪ್ಯಾಟ್ರಿಕರ ಬರಹವುಳ್ಳ ‘ಆರ್ಮಾ ಗ್ರಂಥ’ದ ಜೊತೆಗೆ ಬಂದ ಚೀಲ ಟ್ರಿನಿಟಿ ಕಾಲೇಜಿನ ಗ್ರಂಥಾಲಯದ್ದು. ಅಲ್ಲಿಂದ ನಡೆದೇ ಹೋಗಬಹುದಾದ ಕಿಲ್ಡೇರ್ ಬೀದಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಸಂತ ಮೇಡೋಗರ ಪವಿತ್ರ ಅವಶೇಷದ ಪೆಟ್ಟಿಗೆಯನ್ನಿಡುವ ಚೀಲವಿದೆ. ಎರಡರ ಮೇಲೂ ಗಂಟಿನ ಹೆಣಿಗೆ. ಅದೇ ಸಂಗ್ರಹಾಲಯದಲ್ಲಿ ಇನ್ನೊಂದು ಅಚ್ಚರಿ: 2006ರ ಜುಲೈಯಲ್ಲಿ ಟಿಪ್ಪರರಿ ಜಿಲ್ಲೆಯ ಫ್ಯಾಡನ್ ಮೋರ್ ಎಂಬಲ್ಲಿ ಜೌಗುಮಣ್ಣು ಅಗೆಯುವಾಗ ಸಿಕ್ಕಿದ ಕೀರ್ತನೆಗಳ ಪುಸ್ತಕ. ಸಾವಿರದ ಇನ್ನೂರು ವರ್ಷ ಕೆಸರಿನಲ್ಲಿದ್ದರೂ ಅದರ ಚರ್ಮದ ಹೊದಿಕೆ ಉಳಿದಿತ್ತು.

ಕಡಲು ದಾಟಿ ಲಂಡನ್‌ಗೆ ಬಂದರೆ ಬ್ರಿಟಿಷ್ ಲೈಬ್ರರಿಯಲ್ಲಿ ‘ಸಂತ ಕತ್ಬರ್ಟರ ಶುಭಸಂದೇಶ’ವಿದೆ. ಕತ್ಬರ್ಟರು ಲಿಂಡಿಸ್‌ಫಾರ್ನ್ ದ್ವೀಪದ ಮಠದವರು. ಆ ಮಠವನ್ನು 635ರಲ್ಲಿ ಕಟ್ಟಿದವರು ಐರಿಷ್ ಸನ್ಯಾಸಿ ಸಂತ ಏಡನ್. 687ರಲ್ಲಿ ತೀರಿಕೊಂಡ ಕತ್ಬರ್ಟರ ಶವಪೆಟ್ಟಿಗೆಯನ್ನು 1104ರಲ್ಲಿ ಡರಮ್‌ನಲ್ಲಿ ತೆರೆದಾಗ ಅಂಗೈಯಷ್ಟೇ ದೊಡ್ಡದಾದ ಸಂತ ಯೊವಾನ್ನರ ಶುಭಸಂದೇಶ ಸಿಕ್ಕಿತು. ಎಂಟನೆಯ ಶತಮಾನದ ಆರಂಭದ್ದೆನ್ನಲಾದ ಅದರ ಹೊದಿಕೆ ಕೆಂಪು ಮೇಕೆಚರ್ಮದ್ದು. ನಡುವೆ ಉಬ್ಬಿದ ಬಳ್ಳಿ. ಮೇಲೆ ಕೆಳಗೆ ಮೊನೆಯಿಂದ ಗೀರಿ ಬಣ್ಣ ತುಂಬಿದ ಹೆಣಿಗೆ. ಮೂಲ ಹೊದಿಕೆ ಸಮೇತ ಕೆಡದೆ ಉಳಿದ ಯುರೋಪಿನ ಅತ್ಯಂತ ಹಳೆಯ ಪುಸ್ತಕ ಇದೇ. 1769ರಿಂದ ಯೇಸುಸಭೆಯವರ ಬಳಿಯಿದ್ದ ಇದನ್ನು 2012ರಲ್ಲಿ ಲೈಬ್ರರಿ 90 ಲಕ್ಷ ಪೌಂಡ್ ಕೊಟ್ಟು ಕೊಂಡಿತು.

ಇಂದಿನ ಕುಶಲಕರ್ಮಿಗಳೂ ಈ ಕೆಲಸವನ್ನು ತಾಳ್ಮೆಯಿಂದಲೇ ಮಾಡುತ್ತಾರೆ. ಇದಕ್ಕೆ ಬೇಕಾದದ್ದು ಮರದ ತೊಗಟೆಯಲ್ಲಿ ಹದ ಮಾಡಿದ ಚರ್ಮ. ಕ್ರೋಮ್ ರಾಸಾಯನಿಕದಲ್ಲಿ ಹದಗೊಂಡ ಚರ್ಮ ಅಚ್ಚನ್ನು ಸರಿಯಾಗಿ ಹಿಡಿಯುವುದಿಲ್ಲ. ಚರ್ಮವನ್ನು ನೀರಿನಿಂದ ಒದ್ದೆ ಮಾಡಿ, ಅದರ ಬಣ್ಣ ಮತ್ತೆ ತಿಳಿಯಾಗತೊಡಗುವವರೆಗೆ ಕಾಯುತ್ತಾರೆ. ಕಾಗದದ ಮೇಲಿನ ನಕ್ಷೆಯನ್ನು ಮೊಂಡು ಮೊನೆಯಿಂದ ಒತ್ತಿ ಇಳಿಸುತ್ತಾರೆ. ಗೆರೆಯುದ್ದಕ್ಕೂ ಚಾಕು ಆಡಿಸಿ, ಚರ್ಮದ ದಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಕತ್ತರಿಸದಂತೆ ನೋಡಿಕೊಳ್ಳುತ್ತಾರೆ. ಎಳೆಗಳು ದಾಟುವೆಡೆಯಲ್ಲೆಲ್ಲ ಕೆಳಗಿನ ಎಳೆಯನ್ನು ಉಳಿಯಂಥ ಅಚ್ಚಿನಿಂದ ತಟ್ಟಿ ತಗ್ಗಿಸುತ್ತಾರೆ. ಒಮ್ಮೆ ಮೇಲೆ, ಒಮ್ಮೆ ಕೆಳಗೆ ಎಂಬುದೊಂದೇ ನಿಯಮ. ಎಲ್ಲೋ ಒಂದು ಕಡೆ ತಪ್ಪಿದರೆ ಮುಂದಿನ ಹೆಣಿಗೆಯೆಲ್ಲ ತಪ್ಪುತ್ತದೆ. ಚರ್ಮದ ಮೇಲೆ ಬಿದ್ದ ಗೀರನ್ನು ಅಳಿಸಲಾಗದು.

ಪ್ರಿಯ ಓದುಗರೇ, ಈ ಚೀಲಗಳ ಮುಂದೆ ನಿಂತಾಗ ಯಾಜಕನಾದ ನನ್ನ ಮನಸ್ಸು ಸೊಲ್ಲಾಪುರ, ಜತ್ತ ಕಡೆಯ ಹಳ್ಳಿಗಳಿಗೆ ಹೋಯಿತು. ಅಲ್ಲಿಯೂ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಚರ್ಮ ಹದಮಾಡುವ, ಚರ್ಮದ ಎಳೆಗಳನ್ನು ಹೆಣೆದು ಚಪ್ಪಲಿ ಕಟ್ಟುವ ಕೈಗಳಿವೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳು ಅದರಲ್ಲಿ ಸೇರಿವೆ. ಚಪ್ಪಲಿಗೆ ಮಾನ್ಯತೆ ಬಂತು, ಮಾಡಿದವರಿಗೆ ಬಂತೇ? ಬಸವಣ್ಣನವರಿಗೆ ತನ್ನ ತೊಡೆಯ ಚರ್ಮದಿಂದ ಪಾದುಕೆ ಮಾಡಿದ ಸಮಗಾರ ಹರಳಯ್ಯನ ಕಥೆ ಹೇಳಿ ಕಣ್ಣೊರೆಸಿಕೊಳ್ಳುವ ನಾಡು ನಮ್ಮದು. ಆದರೆ ಅದೇ ಕಸುಬಿನವನು ಬಾಗಿಲಿಗೆ ಬಂದರೆ ಹೊರಗೇ ನಿಲ್ಲಿಸುತ್ತೇವೆ. ದೇವಾಲಯದೊಳಗೂ ಕೆಲವು ಮನೆತನದವರು ಹಿಂದಿನ ಸಾಲಿನಲ್ಲೇ ಕೂರುವುದನ್ನು ನೋಡಿ ಸುಮ್ಮನಿರುತ್ತೇವೆ.

ಸಂತ ಪೇತ್ರರು ಹಾಗೆ ಮಾಡಲಿಲ್ಲ. ಯೊಪ್ಪ ಪಟ್ಟಣದಲ್ಲಿ ಅವರು ಬಹುದಿನ ತಂಗಿದ್ದು ಚರ್ಮ ಹದಮಾಡುವ ಸಿಮೋನನ ಮನೆಯಲ್ಲಿ ಎಂದು ‘ಪ್ರೇಷಿತರ ಕಾರ್ಯಕಲಾಪಗಳು’ ಹೇಳುತ್ತದೆ. ಸತ್ತ ಪ್ರಾಣಿಗಳ ಚರ್ಮ ಮುಟ್ಟುವ ಆ ಕಸುಬನ್ನು ಅಂದಿನ ಯೆಹೂದ್ಯ ಸಮಾಜ ಕೀಳಾಗಿ ಕಂಡಿತ್ತು. ಆ ಮನೆಯ ಮಾಳಿಗೆಯ ಮೇಲೆಯೇ ಪೇತ್ರರಿಗೆ ದರ್ಶನವಾಯಿತು: ದೇವರು ಶುದ್ಧಗೊಳಿಸಿದ್ದನ್ನು ಮನುಷ್ಯ ಅಶುದ್ಧವೆನ್ನಬಾರದು. ಅನ್ಯಜನರಿಗೆ ಧರ್ಮಸಭೆಯ ಬಾಗಿಲು ತೆರೆದದ್ದು ಅಲ್ಲಿಂದ.

ಬಲಿಪೂಜೆಯಲ್ಲಿ ಓದುವ ವಾಚನಗ್ರಂಥಕ್ಕೆ ನಮ್ಮಲ್ಲಿ ಹಲವೆಡೆ ಪ್ಲಾಸ್ಟಿಕ್ ಹೊದಿಕೆ. ನಿಮ್ಮ ಧರ್ಮಕೇಂದ್ರದ ಆಸುಪಾಸಿನಲ್ಲಿ ಚರ್ಮದ ಕೆಲಸ ಬಲ್ಲವರಿದ್ದರೆ ಅವರಿಂದ ಒಂದು ಹೊದಿಕೆ ಮಾಡಿಸಿ. ಚಿತ್ತಾರ ಐರ್ಲೆಂಡಿನದೇ ಆಗಬೇಕಿಲ್ಲ, ಅವರಿಗೆ ಬರುವ ಹೆಣಿಗೆಯೇ ಇರಲಿ. ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಆ ಭಾನುವಾರ ಗ್ರಂಥವನ್ನು ಮೆರವಣಿಗೆಯಲ್ಲಿ ತರುವಾಗ ಅವರೂ ಬರಲು ಒಪ್ಪಿದರೆ ಮುಂದಿನ ಸಾಲಿನಲ್ಲಿ ಕೂರಿಸಿ.