ಬೆಟ್ಟ ಕಾಯುವ ಶಿಷ್ಯ

‘ಮೃಗ’ ಎಂಬ ಶಬ್ದಕ್ಕೆ ಸಂಸ್ಕೃತ ವೈಯಾಕರಣರು ಹೇಳುವ ಧಾತುವಿನ ಅರ್ಥ ಹುಡುಕುವುದು ಎಂದು. ಯಾವುದನ್ನು ಹುಡುಕುವರೋ ಅದು ಮೃಗ. ಆ ಹುಡುಕಾಟವೇ ಮೃಗಯೆ. ಪಾಠಶಾಲೆಯಲ್ಲಿ ಸುಮಾರು ಮೂವತ್ತು ವರ್ಷ ಈ ನಿಷ್ಪತ್ತಿಯನ್ನು ಹುಡುಗರಿಗೆ ಹೇಳುತ್ತ ಬಂದೆನು. ಹುಡುಕುವುದೆಂದರೆ ಕೊಲ್ಲುವ ಸಲುವಾಗಿ ಹುಡುಕುವುದು ಎಂದೇ ಅವರು ತಿಳಿಯುತ್ತಿದ್ದರು. ನಮ್ಮ ಕಾವ್ಯಗಳ ಅರಸುಗಳೂ ಬಹುಮಟ್ಟಿಗೆ ಆ ಉದ್ದೇಶದಿಂದಲೇ ಕಾಡು ಹೊಕ್ಕವರು. ಶಾಕುಂತಲದ ಮೊದಲನೆಯ ಅಂಕದಲ್ಲಿ ತಪಸ್ವಿಯೊಬ್ಬನು ಅಡ್ಡ ಬಂದು ದುಷ್ಯಂತನ ಬಾಣವನ್ನು ನಿಲ್ಲಿಸಿದನೆಂಬುದೇ ವಿಶೇಷವಾಗಿ ತೋರುವುದು ಆದಕಾರಣ. ಆದರೆ ಕೊಲ್ಲದೆ, ಹಿಡಿಯದೆ, ಸಾಧ್ಯವಾದಷ್ಟು ಮಟ್ಟಿಗೆ ಕಾಣಿಸಿಕೊಳ್ಳದೆ, ದಿನವಹಿ ಮೃಗವನ್ನು ಹುಡುಕುತ್ತಲೇ ಇರುವ ಉದ್ಯೋಗವೊಂದು ಈಗ ಉಂಟು. ನನ್ನ ಹಳೆಯ ಶಿಷ್ಯನೊಬ್ಬನು ಹದಿನೇಳು ವರ್ಷಗಳಿಂದ ಅದರಲ್ಲಿದ್ದಾನೆ. ಅವನ ವಿಷಯವನ್ನು ವಾಚಕರ ಮುಂದಿಡಬೇಕೆಂಬುದು ಈ ಬರಹದ ಉದ್ದೇಶ.

ಬಿಳಿಗಿರಿರಂಗನ ಬೆಟ್ಟವನ್ನು ನೋಡದವರು ಮೈಸೂರು ಸೀಮೆಯಲ್ಲಿ ಕಡಿಮೆ. ಬೆಳ್ಳಗಿನ ಕಡಿದಾದ ಬಂಡೆಯ ನೆತ್ತಿಯಲ್ಲಿ ದೇವಸ್ಥಾನ. ಆ ಬಂಡೆಯಿಂದ ಬಿಳಿಗಿರಿ ಎಂದು ಹೆಸರು, ಸಂಸ್ಕೃತದಲ್ಲಿ ಶ್ವೇತಾದ್ರಿ. ಯಾತ್ರಿಕರು ದರ್ಶನ ಮುಗಿಸಿ, ಬಂಡೆಯಂಚಿನಲ್ಲಿ ನಿಂತು ಒಂದಿಷ್ಟು ತಂಗಾಳಿ ಸೇವಿಸಿ, ಸಂಜೆಯೊಳಗೆ ಯಳಂದೂರಿನ ಕಡೆಗೋ ಚಾಮರಾಜನಗರದ ಕಡೆಗೋ ಇಳಿದುಬಿಡುವರು. ಅವರ ಕಣ್ಣಿಗೆ ಒಂದೇ ಹಸುರಿನ ಹಚ್ಚಡದಂತೆ ಕಾಣುವ ಆ ಕಾಡು ಪಶ್ಚಿಮಘಟ್ಟವನ್ನೂ ಪೂರ್ವಘಟ್ಟವನ್ನೂ ಕೂಡಿಸುವ ಸೇತುವೆ. ತಪ್ಪಲಿನಲ್ಲಿ ಮುಳ್ಳುಕುರುಚಲು, ಅದರ ಮೇಲೆ ಮತ್ತಿ, ದಿಂಡಿಗ, ಹೊನ್ನೆ, ಬೀಟೆಗಳ ಎಲೆಯುದುರುವ ಕಾಡು, ಇನ್ನೂ ಮೇಲೆ, ಸುಮಾರು 1800 ಮೀಟರಿನವರೆಗೆ ಏರುವ ಶಿಖರಗಳ ಬಳಿ, ಹುಲ್ಲುಬೋಳು ಮತ್ತು ಅದರ ಮಡಿಕೆಗಳಲ್ಲಿ ಅಡಗಿರುವ ಶೋಲೆ. 1974ರಲ್ಲಿ ಇದು ವನ್ಯಧಾಮವಾಯಿತು, 1987ರಲ್ಲಿ ವಿಸ್ತಾರಗೊಂಡಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆನಿಸಿತು. ವಿಸ್ತೀರ್ಣ 574 ಚದರ ಕಿಲೋಮೀಟರಿಗೂ ಮಿಕ್ಕಿದ್ದು.

ನನ್ನ ಶಿಷ್ಯನು ಸೋಲಿಗರವನು. ಈ ಬೆಟ್ಟದಲ್ಲಿ ಸೋಲಿಗರಿಗೂ ರಂಗಸ್ವಾಮಿಗೂ ಇರುವ ನಂಟು ಲೋಕಪ್ರಸಿದ್ಧವಾದುದು: ಸ್ವಾಮಿಯು ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದುದರಿಂದ ಅವರು ದೇವರನ್ನು ಭಾವನೆಂದೇ ಕರೆಯುವರು. ದೇವರಿಗೆ ಕಾಲಕಾಲಕ್ಕೆ ದೊಡ್ಡ ಅಳತೆಯ ಚರ್ಮದ ಪಾದರಕ್ಷೆಗಳನ್ನು ಭಕ್ತರು ಒಪ್ಪಿಸುವರು; ಸ್ವಾಮಿಯು ಅವನ್ನು ಮೆಟ್ಟಿ ರಾತ್ರಿ ಕಾಡೆಲ್ಲ ಸಂಚರಿಸುವುದರಿಂದ ಅವು ಸವೆಯುವುವೆಂದು ನಂಬಿಕೆ. “ನಮ್ಮ ಭಾವನಿಗೂ ನನಗೂ ಒಂದೇ ಕೆಲಸ ಮೇಷ್ಟ್ರೇ. ಬೂಟು ಅವನದೇ ವಾಸಿ” ಎಂದು ನನ್ನ ಶಿಷ್ಯನು ನಗುತ್ತಾನೆ.

ಅವನ ತಂದೆ ಒಳಕಾಡಿನ ಪೋಡಿನಲ್ಲಿ ರಾಗಿ ಬೆಳೆದು, ಜೇನು ಇಳಿಸಿ ಬದುಕಿದವನು. ವನ್ಯಧಾಮವಾದ ಮೇಲೆ ಆ ಬೇಸಾಯ ನಿಂತಿತು. ಕುಟುಂಬ ರಸ್ತೆಯ ಬಳಿಯ ಪೋಡಿಗೆ ಬಂದು ನೆಲಸಿತು. ಹುಡುಗನು ನಮ್ಮ ಶಾಲೆಗೆ ಬಂದಾಗ ಶಬ್ದರೂಪಗಳನ್ನು ಬಾಯಿಪಾಠ ಮಾಡುವುದರಲ್ಲಿ ಹಿಂದು, ಆದರೆ ಶಾಲೆಯ ಅಂಗಳದಲ್ಲಿ ಹಾದುಹೋದ ಹಾವಿನ ಗೆರೆಯನ್ನು ಕಂಡು ಅದು ಯಾವ ಹಾವು, ಯಾವ ಕಡೆಗೆ ಹೋಯಿತು ಎಂದು ಹೇಳುವುದರಲ್ಲಿ ಎಲ್ಲರಿಗಿಂತ ಮುಂದು. ಹತ್ತನೆಯ ತರಗತಿ ಮುಗಿಸಿ, ಕೆಲವು ಕಾಲ ಕಾಫಿ ತೋಟದಲ್ಲಿ ಕೂಲಿ ಮಾಡಿ, ಕಡೆಗೆ ಕಾಡು ಕಾಯುವ ವಾಚರನಾದನು. ಹುದ್ದೆ ಕಾಯಂ ಅಲ್ಲ; ಹೊರಗುತ್ತಿಗೆಯದು.

ಕಳೆದ ವರ್ಷ ಯುಗಾದಿಯ ತರುವಾಯ ಅವನ ಹೆಂಡತಿ ನಮ್ಮ ಮನೆಗೆ ಬಂದಳು. ಬಂದವಳು ನಮ್ಮ ಮನೆಯವರ ಸಂಗಡ ಅಡಿಗೆಮನೆಯಲ್ಲಿ ಬಹಳ ಹೊತ್ತು ಮಾತಾಡಿ, ಕೊನೆಗೆ ಹೊರಗೆ ಬಂದು ವಿಷಯ ತಿಳಿಸಿದಳು. ಮೂರು ವರ್ಷಗಳ ಹಿಂದೆ ಒಂಟಿ ಸಲಗವೊಂದು ಅಟ್ಟಿಸಿಕೊಂಡು ಬಂದಾಗ ಗಂಡನು ಕೊರಕಲಿಗೆ ಬಿದ್ದು ಎಡಗಾಲು ಮುರಿದುಕೊಂಡಿದ್ದನು. ಈಗಲೂ ಚಳಿಯ ದಿನ ಕುಂಟುವನು. ಬೆಂಗಳೂರಿನ ವಸತಿ ಸಮುಚ್ಚಯವೊಂದರಲ್ಲಿ ಬಾಗಿಲು ಕಾಯುವ ಕೆಲಸವನ್ನು ಬಂಧುಗಳೊಬ್ಬರು ಗೊತ್ತುಮಾಡಿದ್ದಾರೆ. ಸಂಬಳ ಹೆಚ್ಚುಕಡಿಮೆ ಎರಡರಷ್ಟು, ಇರಲು ಕೋಣೆ. ಮಗಳು ನರ್ಸಿಂಗ್ ಓದಬೇಕೆನ್ನುತ್ತಿದ್ದಾಳೆ. “ನಿಮ್ಮ ಮಾತು ಅಂದ್ರೆ ಅವರು ತೆಗೆದುಹಾಕೋದಿಲ್ಲ ಮೇಷ್ಟ್ರೇ. ಒಂದು ಸಲ ಬಂದು ಹೇಳಿ” ಎಂದಳು. ಅವಳು ಕಣ್ಣೀರಿಡಲಿಲ್ಲ, ಲೆಕ್ಕ ಹೇಳಿದಳು. ಆ ಲೆಕ್ಕದಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಹೇಳುವೆನೆಂದು ಒಪ್ಪಿ, ಮುಂದಿನ ವಾರವೇ ಬೆಟ್ಟ ಹತ್ತಿದೆನು.

ಹೇಳುವ ಮೊದಲು ಅವನ ಕೆಲಸವೇನೆಂದು ಒಂದು ಸಲ ಕಣ್ಣಾರೆ ನೋಡಬೇಕೆನಿಸಿತು. ಅನುಮತಿ ಪಡೆದು ಒಂದು ಬೆಳಗಿನ ಗಸ್ತಿನಲ್ಲಿ ಅವನ ಹಿಂದೆ ಹೊರಟೆನು. ಅರುವತ್ತರ ಮಂಡಿಗಳಿಗೆ ಅದು ಸುಲಭದ ದಾರಿಯಲ್ಲವೆಂದಷ್ಟೇ ಹೇಳಿ ಮುಂದುವರಿಯುವೆನು.

ಕಾಡಿನ ಕಾವಲೆಂದರೆ ಕೋವಿ ಹಿಡಿದು ತಿರುಗುವುದೆಂದು ನಾವು ತಿಳಿದಿರುವೆವು. ಕಳ್ಳಬೇಟೆ ತಡೆಯುವ ಶಿಬಿರದಲ್ಲಿ ಸರದಿಯ ಮೇಲೆ ವಾಸ, ಹಗಲಿರುಳು ಗಸ್ತು, ಉರುಳು ತಂತಿಗಳ ಶೋಧ ಎಲ್ಲವೂ ಉಂಟು. ಆದರೆ ಅದರೊಡನೆ ಬೆರೆತಿರುವ ಇನ್ನೊಂದು ಭಾಗ ಲೆಕ್ಕಿಗನ ಕೆಲಸ. 2006ರಿಂದೀಚೆಗೆ ನಾಲ್ಕು ವರ್ಷಕ್ಕೊಮ್ಮೆ ದೇಶದ ಹುಲಿಗಳ ಅಂದಾಜು ನಡೆಯುವುದು. ಆ ವರ್ಷ 1411 ಎಂದು ಬಂದ ಸಂಖ್ಯೆ 2022ರ ಎಣಿಕೆಯಲ್ಲಿ 3682ಕ್ಕೆ ಏರಿತು. ಅದರಲ್ಲಿ ಕರ್ನಾಟಕದ ಪಾಲು 563. ಪತ್ರಿಕೆಯಲ್ಲಿ ಒಂದು ಸಾಲಾಗಿ ಬರುವ ಈ ಸಂಖ್ಯೆಗಳ ಹಿಂದೆ ಎಷ್ಟು ಜನರ ಹೆಜ್ಜೆಗಳಿವೆಯೆಂಬುದು ನಮಗೆ ಹೊಳೆಯುವುದಿಲ್ಲ. ಕಾವಲಿನವರು ಗೊತ್ತಾದ ದಾರಿಗಳಲ್ಲಿ ನಡೆದು ಹೆಜ್ಜೆ, ಲದ್ದಿ, ಮರದ ಮೇಲಿನ ಉಗುರಿನ ಗೀರು, ಇವುಗಳನ್ನು ಗುರುತಿಸಿ ಬರೆಯಬೇಕು. ಬಳಿಕ ಎರಡು ಕಿಲೋಮೀಟರು ಉದ್ದದ ನೇರವಾದ ಸೀಳುದಾರಿಯಲ್ಲಿ ಬೆಳಗಿನ ಹೊತ್ತು ಸದ್ದಿಲ್ಲದೆ ನಡೆದು ಕಂಡ ಜಿಂಕೆ, ಕಡವೆ, ಕಾಟಿಗಳನ್ನು ಎಣಿಸಬೇಕು. ಅವು ಎಷ್ಟು ದೂರದಲ್ಲಿ, ಯಾವ ಕೋನದಲ್ಲಿ ನಿಂತಿದ್ದುವೆಂಬುದನ್ನೂ ಉಪಕರಣದಿಂದ ಅಳೆಯಬೇಕು. ದೂರ ಹೋದಷ್ಟೂ ಕಣ್ಣಿಗೆ ತಪ್ಪುವುವು ಹೆಚ್ಚಲ್ಲವೆ? ಎಷ್ಟು ತಪ್ಪಿರಬಹುದೆಂಬುದನ್ನು ಗಣಿತಜ್ಞರು ಆ ದೂರಗಳಿಂದ ಊಹಿಸುವರು. ಹುಲಿಯನ್ನು ತಿನ್ನಿಸಿ ಬದುಕಿಸುವುವು ಈ ಪ್ರಾಣಿಗಳೇ ಆದುದರಿಂದ ಇವುಗಳ ಲೆಕ್ಕಕ್ಕೆ ಅಷ್ಟೊಂದು ಮಹತ್ತ್ವ.

ಹುಲಿಯ ಎಣಿಕೆಗೆ ಬೇರೆ ಕ್ರಮ. ಎರಡು ಚದರ ಕಿಲೋಮೀಟರಿಗೊಂದು ಜೋಡಿಯಂತೆ ದಾರಿಯ ಎಡಕ್ಕೂ ಬಲಕ್ಕೂ, ಮಂಡಿಯ ಎತ್ತರದಲ್ಲಿ, ಮರಗಳಿಗೆ ಕ್ಯಾಮೆರಾ ಕಟ್ಟುವರು. ಬಿಸಿರಕ್ತದ ಪ್ರಾಣಿ ಮುಂದೆ ಹಾದರೆ ತಾನೇ ಚಿತ್ರ ತೆಗೆದುಕೊಳ್ಳುವ ಯಂತ್ರ ಅದು. ಜೋಡಿ ಏಕೆಂದು ಕೇಳಿದೆನು. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರ ಪಟ್ಟೆ ಇಲ್ಲ; ಅಷ್ಟೇ ಅಲ್ಲ, ಒಂದೇ ಹುಲಿಯ ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಹೋಲಿಕೆಯಿಲ್ಲ. ಒಂದೇ ಪಕ್ಕದ ಚಿತ್ರಗಳಿದ್ದರೆ ಒಂದು ಹುಲಿಯನ್ನು ಎರಡೆಂದು ಎಣಿಸುವ ಅಪಾಯವುಂಟು. ಈ ಪಟ್ಟೆಯ ಗುರುತಿನ ಕ್ರಮವನ್ನು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಬೆಳೆಸಿದವರು ನಮ್ಮ ಕನ್ನಡಿಗರೇ ಆದ ಉಲ್ಲಾಸ ಕಾರಂತರು. ನನ್ನ ಶಿಷ್ಯನು ಒಂದು ಮರದ ಬಳಿ ಮಂಡಿಯೂರಿ, ಮುರಿದ ಕಾಲನ್ನು ಪಕ್ಕಕ್ಕೆ ಚಾಚಿ, ಪೆಟ್ಟಿಗೆ ತೆರೆದು ಬ್ಯಾಟರಿ ಬದಲಿಸಿದನು. ಆನೆಗಳಿಗೆ ಈ ಪೆಟ್ಟಿಗೆಯ ಮೇಲೆ ವಿಚಿತ್ರವಾದ ಸಿಟ್ಟು, ಕಿತ್ತು ಮೆಟ್ಟಿಹಾಕುವುದುಂಟಂತೆ.

ಅಲ್ಲಿಂದ ಅರ್ಧ ಮೈಲಿ ಹೋಗಿರಬಹುದು. ದಾರಿಯಲ್ಲಿ ಆನೆಯ ಲದ್ದಿ ಬಿದ್ದಿತ್ತು. ಅವನು ಬಾಗಿ ಅಂಗೈಯ ಹಿಂಬದಿಯನ್ನು ಅದಕ್ಕೆ ತಾಗಿಸಿ ನೋಡಿ, ಒಂದು ಹಿಡಿ ಮಣ್ಣು ತೆಗೆದು ಗಾಳಿಗೆ ತೂರಿದನು. ಆಮೇಲೆ ಕೈಸನ್ನೆಯಿಂದ ನಮ್ಮನ್ನು ನಿಲ್ಲಿಸಿದನು. ನನಗೆ ಏನೂ ಕಾಣದು, ಏನೂ ಕೇಳದು. ಮುಕ್ಕಾಲು ಗಂಟೆ ಒಂದು ಹೊನ್ನೆಮರದ ಹಿಂದೆ ನಿಂತೆವು. “ತಾಯಿ ಮರಿ ಅದ. ಅವು ನೀರಿಗೆ ಇಳಿಯಲಿ” ಎಂದು ಪಿಸುಗುಟ್ಟಿದನು. ಕೊನೆಗೂ ನಾನು ಕಂಡದ್ದು ಪೊದೆಯೊಂದರ ಮೇಲೆ ಒಂದು ಕ್ಷಣ ಎದ್ದು ಮರೆಯಾದ ಬೂದು ಬೆನ್ನು ಮಾತ್ರ. ಅದು ಹಾದುಹೋದ ಮೇಲೆ ತನ್ನ ದೂರವಾಣಿಯಲ್ಲಿ ಸಮಯವನ್ನೂ ಸ್ಥಳವನ್ನೂ ದಾಖಲಿಸಿ, ಏನೂ ಆಗದವನಂತೆ ನಡೆದನು. ನನ್ನ ಎದೆ ಮಾತ್ರ ಶಿಬಿರ ಮುಟ್ಟುವವರೆಗೂ ಹೊಡೆದುಕೊಳ್ಳುತ್ತಲೇ ಇತ್ತು. ಅವನ ಹೆಂಡತಿಯ ಲೆಕ್ಕ ಮತ್ತೆ ನೆನಪಿಗೆ ಬಂದಿತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆನು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಸಂಗತಿ ವಾಚಕರಿಗೆ ತಿಳಿದೇ ಇದೆ. ಅದರಲ್ಲಿ ಆನೆಗಳ ಕಾಡನ್ನು ಕಾಯುವವರ ವಿಷಯ ಬರುವುದು. ಅವರು ಆನೆ ಮಲಗಿದ ಜಾಗ, ಹೆಜ್ಜೆ, ಲದ್ದಿ, ಕೆಡವಿದ ದಂಡೆ ಇವುಗಳಿಂದ ಹಿಂಡಿನ ಸುಳಿವು ಹಿಡಿಯಬೇಕು. ಹಿಂಡಿನಲ್ಲಿರುವುದು, ಒಂಟಿ, ಮದವೇರಿದ್ದು, ಮರಿ ಎಂದು ವಿಂಗಡಿಸಿ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು. ಆನೆಯನ್ನು ಕೊಂದವನಿಗೆ ಮರಣದಂಡನೆ. ಮೃಗಗಳಿಗೆ ಅಭಯವಿತ್ತ ಕಾಡಿಗೆ ಅಭಯವನವೆಂದು ಹೆಸರು. ಅರಸನಿಗೆ ಬೇಕಾದುದು ಯುದ್ಧದ ಆನೆಯೇ ಹೊರತು ಕರುಣೆಯಲ್ಲ, ಅದು ನಿಜ. ಆದರೂ ಕಾಡಿನ ಕೆಲಸಗಾರರಲ್ಲಿ ‘ವನಚರಕ’ನೆಂದು ಒಬ್ಬನನ್ನು ಆ ಗ್ರಂಥ ಹೆಸರಿಸಿ ಎಣಿಸಿದೆ. ಶಿಬಿರದಲ್ಲಿ ರಾಗಿಮುದ್ದೆ ತಿನ್ನುತ್ತ ಇದನ್ನು ಶಿಷ್ಯನಿಗೆ ಹೇಳಿದಾಗ ಅವನು ಕೇಳಿದ ಪ್ರಶ್ನೆ ಒಂದೇ: “ಅವನಿಗೆ ಸಂಬಳ ಎಷ್ಟು ಬರೆದವರೆ ಮೇಷ್ಟ್ರೇ?”

ಊಟವಾದ ಮೇಲೆ ಬೆಂಗಳೂರಿನ ವಿಷಯ ತೆಗೆದೆನು. ಹೆಂಡತಿ ಹೇಳಿದುದನ್ನು ಒಂದಕ್ಷರ ಬಿಡದೆ, ಅವಳಿಗಿಂತ ಸ್ವಲ್ಪ ಕಠಿನವಾಗಿಯೇ ಹೇಳಿದೆನು. ಅವನು ಬಹಳ ಹೊತ್ತು ಮಾತಾಡಲಿಲ್ಲ. ತರುವಾಯ ಎದುರಿನ ಇಳಿಜಾರನ್ನು ತೋರಿಸಿದನು. ಅಲ್ಲಿ ಮರಗಳ ಕೆಳಗೆ ನೆಲವೇ ಕಾಣದಂತೆ ಲಂಟಾನ ಹಬ್ಬಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಚೆಲುವಿಗಾಗಿ ಹೊರದೇಶದಿಂದ ಈ ದೇಶಕ್ಕೆ ತಂದ ಗಿಡ ಅದು. ಅದು ಬೆಳೆದಲ್ಲಿ ಹುಲ್ಲು ಬೆಳೆಯದು. ಹುಲ್ಲಿಲ್ಲದಲ್ಲಿ ಜಿಂಕೆ ನಿಲ್ಲದು. ಬೇಸಗೆಯಲ್ಲಿ ಒಣಗಿದ ಲಂಟಾನಕ್ಕೆ ಕಿಡಿ ಬಿದ್ದರೆ ಉರಿ ಮರದ ನೆತ್ತಿಯವರೆಗೂ ಏರುವುದು.

“ನಮ್ಮಪ್ಪನ ಕಾಲದಲ್ಲಿ ಚಳಿ ಮುಗಿಯೋಕೆ ಮುಂಚೆ ತರಗು ಬೆಂಕಿ ಹಾಕ್ತಿದ್ರು. ಮೊಣಕಾಲುದ್ದ ಉರಿದು ಆರಿಹೋಗೋದು. ಈ ಗಿಡ ಆಗ ಇಷ್ಟಿರಲಿಲ್ಲ” ಎಂದನು. ವನ್ಯಧಾಮವಾದ ಮೇಲೆ ಬೆಂಕಿ ನಿಷಿದ್ಧವಾಯಿತು. ತರಗು ಬೆಂಕಿ ನಿಂತುದರಿಂದಲೇ ಲಂಟಾನವೂ ನೆಲ್ಲಿಮರಗಳನ್ನು ಹೀರುವ ಬದನಿಕೆಯೂ ಹೆಚ್ಚಿದುವೆಂದು ಹಿರಿಯ ಸೋಲಿಗರು ಹೇಳುವರು. ಸಂಶೋಧಕರು ಆ ಮಾತನ್ನು ಹಗುರವಾಗಿ ಎಣಿಸಿಲ್ಲ. ಆದರೆ ಲಂಟಾನ ಇಷ್ಟು ಬೆಳೆದ ಮೇಲೆ ಇಂದು ಹಾಕುವ ಬೆಂಕಿ ಅಂದಿನ ಬೆಂಕಿಯಾಗದು. ಅದನ್ನು ನನ್ನ ಶಿಷ್ಯನೂ ಬಲ್ಲನು. ನೆರೆಯ ಬಂಡೀಪುರದಲ್ಲಿ 2017ರ ಫೆಬ್ರವರಿಯಲ್ಲಿ ಬೆಂಕಿ ಆರಿಸಹೋದ ಅರಣ್ಯರಕ್ಷಕನೊಬ್ಬನು ಜೀವ ತೆತ್ತನು. 2019ರ ಫೆಬ್ರವರಿಯಲ್ಲಿ ಅಲ್ಲಿ ಸಾವಿರಾರು ಎಕರೆ ಸುಟ್ಟುಹೋಯಿತು. ಆದುದರಿಂದ ಬೇಸಗೆ ಬರುವ ಮುನ್ನ ದಾರಿಗಳ ಎರಡು ಪಕ್ಕವೂ ಸವರಿ ಬೆಂಕಿರೇಖೆ ಮಾಡುವುದು, ಉರಿ ಎದ್ದರೆ ಹಸಿಸೊಪ್ಪಿನಿಂದ ಬಡಿಯುವುದು, ಲಂಟಾನವನ್ನು ಬೇರಿನ ಬುಡದಿಂದ ಕಡಿದು ಕೀಳುವುದು. ಸತ್ತ ಕೋತಿ ಕಂಡರೆ ಮುಟ್ಟದೆ ತಿಳಿಸುವುದೂ ಇವರ ಪಾಲಿನದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣ್ಣೆಹುಳುವಿನಿಂದ ಮನುಷ್ಯನಿಗೂ ಹತ್ತುವುದು.

“2011ರಲ್ಲಿ ನಮ್ಮವರಿಗೆ ಕಾಡಿನ ಹಕ್ಕುಪತ್ರ ಬಂತು. ನಮ್ಮ ಜನ ಒಬ್ಬೊಬ್ಬರೇ ಪೇಟೆಗೆ ಹೋದರೆ ಆ ಪತ್ರ ಇಟ್ಟುಕೊಂಡು ಏನು ಮಾಡೋದು? ಈ ಇಳಿಜಾರಿನಲ್ಲಿ ಹುಲ್ಲು ಮತ್ತೆ ಬರೋದು ನೋಡಬೇಕು ಮೇಷ್ಟ್ರೇ. ಆಮೇಲೆ ಬೇಕಾದರೆ ಹೋಗ್ತೀನಿ” ಎಂದನು. ಹುಲ್ಲು ಬರಲು ಎಷ್ಟು ವರ್ಷ ಎಂದು ಕೇಳಿದೆನು. ಅವನು ನಕ್ಕನು.

ಸಂಜೆ ಪೋಡಿಗೆ ಇಳಿದು ಅವನ ಹೆಂಡತಿಗೆ ನಡೆದುದನ್ನು ನಡೆದಂತೆ ತಿಳಿಸಿದೆನು. ಹೋಗೆಂದು ಹೇಳಿದೆ, ಅವನು ಒಪ್ಪಲಿಲ್ಲ, ಮತ್ತೆ ಒತ್ತಿ ಹೇಳಲು ನನ್ನ ಮನಸ್ಸು ಒಪ್ಪಲಿಲ್ಲ ಎಂದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗಿನಿಂದ ಮಗಳ ನೋಟುಪುಸ್ತಕ ತಂದು ನನ್ನ ಮುಂದಿಟ್ಟಳು. “ಹಾಗಾದರೆ ಅರ್ಜಿ ಬರೆದುಕೊಡಿ ಮೇಷ್ಟ್ರೇ. ಚೆನ್ನಾಗಿ ಬರೀತೀರಿ ಅಂತಾರಲ್ಲ” ಎಂದಳು.

ಲಾಟೀನಿನಂತಹ ಒಂದು ಸೌರದೀಪದ ಬೆಳಕಿನಲ್ಲಿ ಬರೆದೆನು. ಹದಿನೇಳು ವರ್ಷದ ಸೇವೆ, ಮುರಿದ ಕಾಲು, ಕಾಯಂ ಹುದ್ದೆ, ಜೀವವಿಮೆ. ನನ್ನ ಮೊದಲ ಕರಡಿನಲ್ಲಿ ವನಚರಕನೂ ಕೌಟಿಲ್ಯನೂ ಇದ್ದರು. ಅವಳು ಓದಿಸಿ ಕೇಳಿ, “ಇವರನ್ನ ತೆಗೀರಿ, ಬೂಟು ಸೇರಿಸಿ. ಜತೆಗಿರೋ ಇನ್ನು ಎಂಟು ಜನರ ಹೆಸರೂ ಬರಲಿ” ಎಂದಳು. ಹಾಗೆಯೇ ತಿದ್ದಿದೆನು. ಮರುದಿನ ಶಿಬಿರದಿಂದ ಸರದಿ ಬಿಟ್ಟು ಬಂದವರು ಒಬ್ಬೊಬ್ಬರಾಗಿ ಸಹಿ ಹಾಕಿದರು; ಒಬ್ಬ ಮುದುಕನು ಮಾತ್ರ ಹೆಬ್ಬೆಟ್ಟೊತ್ತಿದನು. ನಾನು ಇಳಿದು ಬರುವ ಮೊದಲ ಬಸ್ಸಿನಲ್ಲೇ ಅದನ್ನು ತೆಗೆದುಕೊಂಡು ಬಂದು, ಯಳಂದೂರಿನ ಅಂಚೆಕಚೇರಿಯಲ್ಲಿ ನೋಂದಾಯಿಸಿ ಕಳುಹಿಸಿದೆನು. ರಸೀದಿಯನ್ನು ಅವಳೇ ಇಟ್ಟುಕೊಂಡಿದ್ದಾಳೆ.