ಹಸಿರು ಪಾಳಯದಲ್ಲಿ ಒಂದು ರಾತ್ರಿಯೂಟ

ಫ್ಲೋರಿಡಾದ ಕಿಸಿಮ್ಮಿ ಊರಲ್ಲಿ ಹಾದುಹೋಗುವ 192ನೇ ಹೆದ್ದಾರಿಯ ಇಕ್ಕೆಲದಲ್ಲಿ ಕಟ್ಟಡವೊಂದು ಕಟ್ಟಡದ ಹಾಗೆ ಕಂಡರೆ ಅದೇ ಆಶ್ಚರ್ಯ. ಒಂದು ಅಂಗಡಿ ಅರ್ಧ ಕಿತ್ತಳೆ ಹಣ್ಣನ್ನು ಕವುಚಿಟ್ಟ ಆಕಾರದಲ್ಲಿದೆ. ಇನ್ನೊಂದರ ನೆತ್ತಿಯ ಮೇಲೆ ದೈತ್ಯ ಮಾಂತ್ರಿಕನೊಬ್ಬ ಗಡ್ಡ ಇಳಿಬಿಟ್ಟುಕೊಂಡು ರಸ್ತೆ ನೋಡುತ್ತಾನೆ. 1971ರಲ್ಲಿ ಹತ್ತಿರದಲ್ಲೇ ಡಿಸ್ನಿ ವರ್ಲ್ಡ್ ತೆರೆದ ಮೇಲೆ ಈ ರಸ್ತೆಗೆ ಬಂದ ಕಳೆ ಇದು. ಹಗಲೆಲ್ಲ ಅಲ್ಲಿ ಅಲೆದು ಕಾಲು ಸೋತ ಸಂಸಾರಗಳನ್ನು ರಾತ್ರಿ ತಮ್ಮ ಕಡೆ ಸೆಳೆದುಕೊಳ್ಳಬೇಕಲ್ಲ, ಅದಕ್ಕೇ ಅಂಗಡಿಗಳೆಲ್ಲ ವೇಷ ಕಟ್ಟಿ ನಿಂತಿವೆ. ಆ ವೇಷಗಳ ಸಾಲಿನಲ್ಲಿ ಬುರುಜು, ಬಾವುಟ, ಹೆಬ್ಬಾಗಿಲುಗಳ ಒಂದು ಕೋಟೆ. ಕೋಟೆಯ ಮುಂದೆ ಕಂದಕ ಇರಬೇಕಾದಲ್ಲಿ ಕಾರ್ ಪಾರ್ಕಿಂಗ್.

ಹೆಸರು ಮಿಡೀವಲ್ ಟೈಮ್ಸ್. ಇದು ಹನ್ನೊಂದನೇ ಶತಮಾನದ ಸ್ಪೇನ್ ಎಂದು ಒಪ್ಪಿಕೊಂಡು ಒಳಗೆ ಹೋಗಬೇಕು. ಅರಮನೆಯ ಅತಿಥಿಗಳಾಗಿ ಉಣ್ಣುತ್ತ, ಕುದುರೆ ಏರಿದ ಯೋಧರ ಕಾಳಗ ನೋಡಬೇಕು. ಬೇರು ನಿಜಕ್ಕೂ ಸ್ಪೇನಿನದೇ. ಅಲ್ಲಿನ ಮಯೋರ್ಕಾ ದ್ವೀಪದಲ್ಲಿ ಪ್ರವಾಸಿಗಳಿಗೆ ಊಟ ಹಾಕಿ ಆಟ ತೋರಿಸುತ್ತಿದ್ದವರು ಕಡಲು ದಾಟಿ ಬಂದು 1983ರಲ್ಲಿ ಅಮೆರಿಕದಲ್ಲಿ ತೆರೆದ ಮೊದಲ ಕೋಟೆ ಇದು. ಈಗ ಅಮೆರಿಕ, ಕೆನಡಾ ಸೇರಿ ಹತ್ತು ಕೋಟೆಗಳಿವೆ. ಊಟದ ಜೊತೆ ಆಟ ಎಂಬುದು ಈ ಸೀಮೆಗೆ ಅದಕ್ಕೂ ಮೊದಲೇ ಗೊತ್ತಿತ್ತು. ಡಿಸ್ನಿಯವರೇ ತಮ್ಮ ಫೋರ್ಟ್ ವಿಲ್ಡರ್ನೆಸ್ ತಂಗುದಾಣದಲ್ಲಿ ಹೂಪ್-ಡೀ-ಡೂ ಎಂಬ ಹಾಡು-ಹಾಸ್ಯದ ಊಟವನ್ನು 1974ರಲ್ಲೇ ಶುರು ಮಾಡಿದ್ದರು. ಅಲ್ಲಿ ಕರಿದ ಕೋಳಿ ಬಕೆಟ್ಟಿನಲ್ಲಿ ಬರುತ್ತದೆ. ಆದರೆ ಕುದುರೆ ಬರುವುದಿಲ್ಲ.

ತಮ್ಮ ಟ್ಯಾಂಪಾದಲ್ಲಿದ್ದಾನೆ. ರಜೆಗೆಂದು ಹೋದ ಅಮ್ಮ, ನಾನು, ನನ್ನ ಹೆಂಡತಿ ಮೂವರನ್ನೂ ಅವನ ಮಗಳು ಹಟ ಹಿಡಿದು ಇಲ್ಲಿಗೆ ಹೊರಡಿಸಿದಳು. ಅಮ್ಮನಿಗೆ ಎಪ್ಪತ್ತು ದಾಟಿದೆ. ಸಾಗರದ ಕಡೆಯ ಬಯಲುಗಳಲ್ಲಿ ಕಂಬಳಿ ಹಾಸಿಕೊಂಡು ಬೆಳಗಿನವರೆಗೆ ಯಕ್ಷಗಾನ ನೋಡಿ ಬೆಳೆದವಳು. ರಾಜ, ರಾಣಿ, ಯುದ್ಧ ಅಂದರೆ ಅವಳಿಗೆ ಬೆರಗಿಲ್ಲ, ಲೆಕ್ಕಾಚಾರವಿದೆ. "ಎಷ್ಟು ಹೊತ್ತಿನ ಆಟ?" ಎಂದು ಕಾರಲ್ಲೇ ಕೇಳಿದಳು. ಎರಡು ಗಂಟೆ ಅಂದಾಗ, "ಅಷ್ಟರೊಳಗೆ ಒಡ್ಡೋಲಗವೂ ಮುಗಿಯುವುದಿಲ್ಲ ಮಾರಾಯ" ಎಂದು ಕಿಟಕಿ ಕಡೆ ತಿರುಗಿಕೊಂಡಳು.

ಬಾಗಿಲಲ್ಲೇ ತಲೆಗೊಂದು ಕಾಗದದ ಕಿರೀಟ ಏರಿಸುತ್ತಾರೆ. ಕೆಂಪು, ನೀಲಿ, ಹಳದಿ, ಹಸಿರು, ಕಪ್ಪು-ಬಿಳಿ, ಕೆಂಪು-ಹಳದಿ ಎಂದು ಆರು ಬಣ್ಣ. ಒಂದೊಂದು ಬಣ್ಣಕ್ಕೆ ಒಬ್ಬೊಬ್ಬ ಯೋಧ. ನಿಮ್ಮ ಟಿಕೆಟ್ಟಿಗೆ ಯಾವ ಬಣ್ಣದ ಸಾಲು ಬಿತ್ತೋ ಅವನೇ ಆ ರಾತ್ರಿಗೆ ನಿಮ್ಮ ವೀರ. ನಮಗೆ ಬಂದದ್ದು ಹಸಿರು. ಸೀರೆಯ ಮೇಲೆ ಸ್ವೆಟರ್, ಸ್ವೆಟರಿನ ಮೇಲೆ ಹಸಿರು ಕಿರೀಟ; ಅಮ್ಮ ಅದನ್ನು ತೆಗೆಯುವಳೇನೋ ಅಂದುಕೊಂಡರೆ, ತುರುಬಿಗೆ ಒತ್ತದ ಹಾಗೆ ಹಿಂದಕ್ಕೆ ಸರಿಸಿ ಸರಿಯಾಗಿ ಕೂರಿಸಿಕೊಂಡಳು. ಅಲ್ಲೇ ಫೋಟೊ ಹೊಡೆಯುವವನೂ ಇದ್ದ. ಅಮೆರಿಕದ ಇಂಥ ಆಟಗಳಲ್ಲೆಲ್ಲ ಫೋಟೊ ಮೊದಲು ತೆಗೆಯುತ್ತಾರೆ, ಬೇಕೋ ಬೇಡವೋ ಎಂದು ಆಮೇಲೆ ಕೇಳುತ್ತಾರೆ.

ಒಳಗೆ ಸಾವಿರಕ್ಕೂ ಹೆಚ್ಚು ಜನ ಕೂರುವ ಅಂಕಣ. ನಡುವೆ ಉದ್ದಕ್ಕೆ ಮರಳು ಹಾಸಿದ ಕಣ, ಅದರ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಏರಿದ ಸಾಲುಗಳು, ಪ್ರತಿ ಸಾಲಿನ ಮುಂದೆ ಉದ್ದನೆಯ ಕಟ್ಟೆಯಂಥ ಮೇಜು. ಎಲ್ಲರೂ ಕಣದ ಕಡೆ ಮುಖ ಮಾಡಿ ಪಂಕ್ತಿಯಲ್ಲಿ ಕೂತಿದ್ದಾರೆ. ದೀಪ ಆರಿತು, ಹೊಗೆ ಹಬ್ಬಿತು, ಕಹಳೆ ಮೊಳಗಿತು. ಬಡಿಸುವವನು ಬಂದ. ಈ ಕೋಟೆಗಳಲ್ಲಿ ಬಡಿಸುವವರು ಅರಮನೆಯ ಆಳುಗಳು, ನಾವು ಪ್ರಭುಗಳು. ಹಿಡಿಕೆಯಿದ್ದ ಬಟ್ಟಲಿಗೆ ಕೆಂಪನೆಯ ಸೂಪು ಸುರಿಯುತ್ತ, "ಡ್ರ್ಯಾಗನ್ ರಕ್ತ, ಪ್ರಭುಗಳೇ" ಎಂದು ಗಂಭೀರವಾಗಿ ಸಾರಿದ. ತಮ್ಮನ ಮಗಳು ಅದನ್ನು ಅಷ್ಟೇ ಗಂಭೀರವಾಗಿ ಕನ್ನಡಕ್ಕೆ ತಂದು ಅಜ್ಜಿಗೆ ಹೇಳಿದಳು. ಅಮ್ಮ ಬಟ್ಟಲನ್ನು ಎರಡು ಬೆರಳಿನಿಂದ ನಿಧಾನಕ್ಕೆ ನನ್ನ ಕಡೆ ತಳ್ಳಿದಳು. ಅದು ಬರೀ ಟೊಮೆಟೊ ಎಂದು ನಾನು ಕುಡಿದು ತೋರಿಸಿದ ಮೇಲೆಯೇ ವಾಪಸ್ ಪಡೆದದ್ದು.

ಚಮಚ ಇಲ್ಲ, ಫೋರ್ಕ್ ಇಲ್ಲ. ನಡುಗಾಲದಲ್ಲಿ ಕೈಯಲ್ಲೇ ತಿನ್ನುತ್ತಿದ್ದರು, ನೀವೂ ಹಾಗೇ ತಿನ್ನಿ ಎಂಬುದು ಇಲ್ಲಿನ ಕಟ್ಟಳೆ. ಸುಟ್ಟ ಕೋಳಿ, ಬೆಣ್ಣೆ ಸವರಿದ ಜೋಳದ ತೆನೆ, ಬೆಂದ ಆಲೂಗಡ್ಡೆ. ಮೊದಲೇ ಹೇಳಿಟ್ಟರೆ ಸಸ್ಯಾಹಾರವೂ ಸಿಗುತ್ತದೆ: ಬೀನ್ಸ್ ಕಾಳಿನ ಪಲ್ಯದಂಥದ್ದು, ಅನ್ನ. ಪಕ್ಕದ ಅಮೆರಿಕನ್ ಸಂಸಾರ ಕೋಳಿಯನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ನಗುತ್ತ ಒದ್ದಾಡುತ್ತಿದ್ದರೆ, ಅಮ್ಮನದು ಕಣದ ಮೇಲಿಂದ ಕಣ್ಣು ತೆಗೆಯದೆ ಊಟ ಸಾಗಿತ್ತು. ರುಚಿಯ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಉಪ್ಪು ಕಡಿಮೆ, ಬಿಸಿ ಚೆನ್ನಾಗಿತ್ತು.

ಇಲ್ಲಿಯವರೆಗೆ ನನಗೆ ಎಲ್ಲವೂ ಒಂದು ಒಳ್ಳೆಯ ತಮಾಷೆ. ಸಿಂಹಾಸನದ ಮೇಲೆ ರಾಣಿ ಕೂತಿದ್ದಳು (ದಶಕಗಳ ಕಾಲ ರಾಜನೇ ಆಳುತ್ತಿದ್ದ ಕತೆಯಲ್ಲಿ 2018ರ ಹೊತ್ತಿಗೆ ಪಟ್ಟ ರಾಣಿಗೆ ಬಂತು). ಮಾತು ಜಾಸ್ತಿ. ಗಿಡುಗವೊಂದು ನಮ್ಮ ತಲೆಗಳ ಮೇಲೆಯೇ ಬೀಸಿ ಹಾರಿ ಹೋಯಿತು. ಆಮೇಲೆ ಮೂಲೆಯ ಬಾಗಿಲು ತೆರೆದು, ಸವಾರನಿಲ್ಲದ ಒಂದು ಬಿಳಿ ಕುದುರೆ ಒಂಟಿಯಾಗಿ ಕಣಕ್ಕೆ ಬಂತು. ತಮಾಷೆ ಅಲ್ಲಿಗೆ ಮುಗಿಯಿತು.

ಆಂಡಲೂಸಿಯನ್ ತಳಿ. ಕತ್ತು ದಪ್ಪ, ಬಿಲ್ಲಿನಂತೆ ಬಾಗಿದ್ದು. ಬಾಲ ನೆಲ ಮುಟ್ಟುವಷ್ಟು. ಈ ತಳಿಯ ಬಿಳಿ ಕುದುರೆಗಳಲ್ಲಿ ಹೆಚ್ಚಿನವು ಹುಟ್ಟುವಾಗ ಬಿಳಿಯಿರುವುದಿಲ್ಲ. ಕಪ್ಪೋ ಕಂದೋ ಬಣ್ಣದ ಮರಿಗಳು ವರ್ಷ ಕಳೆದಂತೆ ಬೂದಾಗಿ, ಆಮೇಲೆ ಬೆಳ್ಳಗಾಗುತ್ತವೆ. ಟೆಕ್ಸಸ್‌ನ ಸ್ಯಾಂಗರ್ ಎಂಬಲ್ಲಿ ಮಿಡೀವಲ್ ಟೈಮ್ಸ್‌ನವರದೇ ಕುದುರೆ ಫಾರ್ಮ್ ಇದೆ. ಮರಿ ಹಾಕಿಸಿ, ಬೆಳೆಸಿ, ಪಳಗಿಸಿ ಕೋಟೆಗಳಿಗೆ ಕಳಿಸುತ್ತಾರೆ. ಕಣದ ನಡುವೆ ನಿಂತ ತರಬೇತುದಾರನ ಕೈಯಲ್ಲಿ ಉದ್ದನೆಯ ಸಪೂರ ಕೋಲು. ಅದನ್ನು ಅವನು ಒಮ್ಮೆಯೂ ಮುಟ್ಟಿಸಲಿಲ್ಲ, ತುದಿಯಲ್ಲಿ ಗಾಳಿಗೆ ಒಂದು ಗೀರು ಹಾಕುತ್ತಿದ್ದ, ಅಷ್ಟೇ. ಕುದುರೆ ಮುಂಗಾಲನ್ನು ನೇರಕ್ಕೆ ಚಾಚಿ ಎತ್ತಿ, ಒಂದರ ಹಿಂದೊಂದು ಊರುತ್ತ ನಡೆಯಿತು. ಆಮೇಲೆ ಹಿಂಗಾಲ ಮೇಲೆ ಕುಕ್ಕರಿಸಿ ಮುಂಭಾಗವನ್ನೆತ್ತಿ ಕ್ಷಣ ಹೊತ್ತು ಹಾಗೇ ನಿಂತಿತು. ಕೊನೆಗೆ ನಾಲ್ಕೂ ಕಾಲು ನೆಲ ಬಿಟ್ಟು ಎಗರಿ, ನೆಗೆತದ ತುತ್ತತುದಿಯಲ್ಲಿ ಹಿಂಗಾಲೆರಡನ್ನೂ ಝಾಡಿಸಿ ಒದೆಯಿತು. ಕಾಪ್ರಿಯೋಲ್ ಎನ್ನುತ್ತಾರೆ ಇದಕ್ಕೆ. ಯುರೋಪಿನ ಅರಮನೆಗಳ ಅಶ್ವಶಾಲೆಗಳಲ್ಲಿ ಶತಮಾನಗಳಿಂದ ಕಲಿಸಿಕೊಂಡು ಬಂದ ವಿದ್ಯೆ. ಕಾಗದದ ಕಿರೀಟ, ಮಕ್ಕಳ ಕೈಯ ಪ್ಲಾಸ್ಟಿಕ್ ಕತ್ತಿ, ಟೊಮೆಟೊ ರಕ್ತಗಳ ನಡುವೆ ಅರ್ಧ ಟನ್ ತೂಕದ ಒಂದು ಜೀವ ನಮ್ಮಿಂದ ಕೆಲವೇ ಮಾರು ದೂರದಲ್ಲಿ ಗಾಳಿಯಲ್ಲಿತ್ತು. ಇಳಿದಾಗ ನೆಲ ಅದುರಿದ್ದು ಮೇಜಿನ ಮೇಲಿಟ್ಟ ಅಂಗೈಗೆ ತಿಳಿಯಿತು. ಮೈಯ ಬಿಸಿ, ಬೆವರು, ಮರಳಿನ ವಾಸನೆ ಊಟದ ವಾಸನೆಯನ್ನು ಮೀರಿ ಬಂತು. ಅಮ್ಮನ ಕೈಯ ತುತ್ತು ಬಟ್ಟಲಿಗೆ ವಾಪಸಾಗಿತ್ತು.

ಆಮೇಲೆ ಯೋಧರು ಬಂದರು. ಓಡುವ ಕುದುರೆಯ ಮೇಲಿಂದ ಭರ್ಜಿಯ ತುದಿಗೆ ಸಣ್ಣ ಬಳೆಯಂಥ ಉಂಗುರ ಸಿಕ್ಕಿಸುವುದು, ಗೆದ್ದವರು ತಮ್ಮ ಸಾಲಿನ ಹೆಂಗಸರಿಗೆ ಹೂ ಎಸೆಯುವುದು, ಎಲ್ಲವೂ ಆಯಿತು. ನಮ್ಮ ಹಸಿರಿನವನು ಹೂ ಎಸೆಯುವ ಬದಲು ಎದುರಿನ ಸಾಲಿಗೆ ಹಲ್ಲು ಕಿರಿದ. ಭರ್ಜಿ ಕಾಳಗದಲ್ಲಿ ಬೆನ್ನ ಹಿಂದಿನಿಂದ ಹೊಡೆದ. ರಾಣಿಯೆದುರು ಉದ್ಧಟನಾಗಿ ನಿಂತ. ಸುತ್ತಲಿನ ಐದು ಬಣ್ಣದವರೂ ಒಟ್ಟಾಗಿ "ಬೂ" ಅಂದರು. ಆ ರಾತ್ರಿಯ ಖಳ ನಮ್ಮವನೇ!

ತಮ್ಮನ ಮಗಳ ಮುಖ ಸಣ್ಣದಾಯಿತು. ಆಗ ಅಮ್ಮ ಅವಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಇವನು ಬಣ್ಣದ ವೇಷ ಕಣೇ. ಎಲ್ಲರಿಗಿಂತ ದೊಡ್ಡ ಕಲಾವಿದನಿಗೇ ಕೊಡುವುದು ಈ ವೇಷ. ಇವನು ಕುಣಿದರೇ ಆಟ." ನಮ್ಮ ಕಡೆಯವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಅಬ್ಬರಿಸುತ್ತ ರಂಗಕ್ಕೆ ನುಗ್ಗುವ ರಾಕ್ಷಸನಿಗಾಗಿಯೇ ನಿದ್ದೆಗೆಟ್ಟು ಕಾಯುವ ಪ್ರೇಕ್ಷಕರು ನಾವು. ಅಜ್ಜಿ-ಮೊಮ್ಮಗಳು ಇಬ್ಬರೂ ಮೇಜು ಗುದ್ದತೊಡಗಿದರು. ನನ್ನ ಹೆಂಡತಿ, ಬ್ಯಾಂಕಿನಲ್ಲಿ ಮೂವತ್ತು ವರ್ಷ ದನಿ ಎತ್ತದೆ ಕೆಲಸ ಮಾಡಿದವಳು, ಎದ್ದು ನಿಂತು "ಹೊಡಿ ಅವನಿಗೆ!" ಎಂದು ಅಪ್ಪಟ ಕನ್ನಡದಲ್ಲಿ ಕೂಗಿದಳು. ಒಂದು ಗಂಟೆಯ ಹಿಂದೆ ಈ ಹಸಿರು ಮನುಷ್ಯ ಯಾರೋ, ನಾವು ಯಾರೋ!

ಹೀಗೆ ಪಾಳಯ ಕಟ್ಟಿ ಕೂಗಿಸುವುದರಲ್ಲಿ ಒಂದು ಅಪಾಯವೂ ಇದೆ, ಅಮೆರಿಕದವರಿಗೇ ಅದು ತಡವಾಗಿ ಹೊಳೆಯಿತು. ಗಾಯಕಿ ಡಾಲಿ ಪಾರ್ಟನ್ ಟೆನೆಸ್ಸಿಯ ಪಿಜನ್ ಫೋರ್ಜ್‌ನಲ್ಲಿ 1988ರಲ್ಲಿ ಶುರು ಮಾಡಿದ ಕುದುರೆಯಾಟದ ಊಟಕ್ಕೆ ಡಿಕ್ಸೀ ಸ್ಟಾಂಪೀಡ್ ಎಂದು ಹೆಸರಿತ್ತು. ಅಲ್ಲಿ ಪ್ರೇಕ್ಷಕರನ್ನು ಉತ್ತರ, ದಕ್ಷಿಣ ಎಂದು ಎರಡು ಪಾಳಯ ಮಾಡಿ ಕೂರಿಸುತ್ತಿದ್ದರು. ಗುಲಾಮಗಿರಿಯ ಸುತ್ತ ನಡೆದ ಅಂತರ್ಯುದ್ಧವನ್ನು ಹಂದಿ ಓಟದ ಪಂದ್ಯ ಮಾಡಿ ಚಪ್ಪಾಳೆ ಹೊಡೆಸುವುದೇ ಎಂಬ ಟೀಕೆ ಎದ್ದು, 2018ರಲ್ಲಿ ಹೆಸರಿನಿಂದ, ದಕ್ಷಿಣದ ಸೀಮೆಯನ್ನು ಸೂಚಿಸುವ 'ಡಿಕ್ಸೀ' ಬಿಟ್ಟುಹೋಯಿತು. ಹಸಿರು-ಹಳದಿಗಳ ಜಗಳದಲ್ಲಿ ಆ ತೊಡಕಿಲ್ಲ. ಇಲ್ಲಿ ಯಾರ ತಾತನೂ ಸತ್ತಿಲ್ಲ.

ಕೊನೆಯ ಕಾಳಗ ನೆಲದ ಮೇಲೆ. ಟೈಟಾನಿಯಂ ಕತ್ತಿಗಳು ಕತ್ತಲಲ್ಲಿ ತಾಗಿದಾಗ ಹಳದಿ ಕಿಡಿಗಳು ಸಿಡಿದು ಮರಳಿಗೆ ಬೀಳುತ್ತಿದ್ದವು. ಪೆಟ್ಟುಗಳೆಲ್ಲ ಮೊದಲೇ ಎಣಿಸಿಟ್ಟದ್ದು, ಆದರೆ ಕುದುರೆಯಿಂದ ಬೀಳುವುದು ಬೀಳುವುದೇ. ಈ ಕೆಲಸದ ಅಪಾಯ, ಸಂಬಳಗಳ ಮಾತೆತ್ತಿ 2022ರಲ್ಲಿ ನ್ಯೂಜೆರ್ಸಿಯ ಲಿಂಡ್‌ಹರ್ಸ್ಟ್ ಕೋಟೆಯ ಯೋಧರು, ಲಾಯದವರು ಎಲ್ಲ ಸೇರಿ ಯೂನಿಯನ್ನಿಗೆ ಮತ ಹಾಕಿದ್ದರು. ಹನ್ನೊಂದನೇ ಶತಮಾನಕ್ಕೆ ಇಪ್ಪತ್ತೊಂದನೆಯದು ಒಳನುಗ್ಗಿದ್ದು ನೆನೆದರೆ ನನಗೆ ಖುಷಿಯೇ. ನಮ್ಮವನು ಬಗ್ಗಿದ, ಎದ್ದ, ಮತ್ತೆ ಬಿದ್ದ, ಈ ಸಲ ಏಳಲಿಲ್ಲ. ಐದು ಬಣ್ಣ ಕುಣಿದಾಡಿತು. ಹಸಿರು ಸಾಲಿನಲ್ಲಿ ಒಂದು ಮಗು ನಿಜವಾಗಿ ಅತ್ತಿತು. ಪುಣ್ಯಕ್ಕೆ ನಮ್ಮದಲ್ಲ.

ಆಟ ಮುಗಿದ ಮೇಲೆ ಯೋಧರು ಹೊರಗಿನ ಹಜಾರಕ್ಕೆ ಬಂದು ಮಕ್ಕಳ ಕಿರೀಟಗಳಿಗೆ ಸಹಿ ಹಾಕುತ್ತಿದ್ದರು. ಗೆದ್ದವನ ಸುತ್ತ ಜಾತ್ರೆ. ಹಸಿರಿನವನ ಮುಂದೆ ನಾಲ್ಕೈದು ಜನ. ಹತ್ತಿರದಿಂದ ನೋಡಿದರೆ ಇಪ್ಪತ್ತೈದರ ಹುಡುಗ, ಕಿವಿಯಲ್ಲಿ ಮರಳು, ಮೊಣಕೈಗೆ ಹೊಸ ತರಚುಗಾಯ. ಅಮ್ಮ ಮೊಮ್ಮಗಳನ್ನು ಮುಂದೆ ಬಿಟ್ಟುಕೊಂಡು ಸೀದಾ ಅಲ್ಲಿಗೆ ಹೋದಳು. ಕುದುರೆಗೆ ಏನು ಹಾಕುತ್ತೀರಿ ಎಂಬುದು ಮೊದಲ ಪ್ರಶ್ನೆ. ಒಣಹುಲ್ಲು, ಧಾನ್ಯ, ಯಾರೂ ನೋಡದಿದ್ದಾಗ ಕ್ಯಾರೆಟ್ ಎಂದ.

"ಇವನ ಊಟ ಆಯಿತಾ ಕೇಳು" ಎಂದಳು ಅಮ್ಮ.

ಹುಡುಗ ಒಂದು ಗಳಿಗೆ ತಡೆದು, ಇಲ್ಲ ಎಂದು ತಲೆಯಾಡಿಸಿದ. ಎಂಟೂವರೆಗೆ ಇನ್ನೊಂದು ಆಟವಿದೆಯಂತೆ. ಹೊಟ್ಟೆ ತುಂಬಿದರೆ ಬೀಳಲಾಗುವುದಿಲ್ಲವಂತೆ. ಅಮ್ಮ ಅದನ್ನು ಒಪ್ಪಿದಳು. "ನಮ್ಮಲ್ಲೂ ವೇಷದವರು ಆಟ ಮುಗಿದ ಮೇಲೇ ಉಣ್ಣುವುದು" ಎಂದು ಅವನಿಗೆ ಕನ್ನಡದಲ್ಲೇ ಹೇಳಿ, ಸಹಿಗಾಗಿ ತನ್ನ ಕಿರೀಟವನ್ನು ತೆಗೆದು ಮುಂದೆ ಹಿಡಿದಳು.