ಜೊತೆಗಾರರನ್ನು ಹುಡುಕುತ್ತಾ

ಭಾನುವಾರದ ಬಲಿಪೂಜೆ ಮುಗಿದು ಜನರೆಲ್ಲ ಚದುರುವವರೆಗೂ ದೇವಾಲಯದ ಅಂಗಳದಲ್ಲಿ ಕಾದು ನಿಲ್ಲುವ ತಾಯಂದಿರನ್ನು ಧರ್ಮಕೇಂದ್ರದ ಯಾವ ಗುರುವೂ ಬಲ್ಲ. “ಸ್ತೋತ್ರ ಸ್ವಾಮಿ, ನಮ್ಮ ಮನೆಯವರಿಗೆ ನೀವು ಒಂದು ಮಾತು ಹೇಳಬೇಕು” ಎನ್ನುತ್ತಾರೆ. ಯಾವ ವಿಷಯವೆಂದು ಕೇಳುವ ಅಗತ್ಯವೇ ಇರುವುದಿಲ್ಲ.

ಒಂದು ಮಾತಿನಿಂದ ಕುಡಿತ ನಿಲ್ಲುವಂತಿದ್ದರೆ ಆ ತಾಯಿಯ ಕಣ್ಣೀರಿಗೇ ಎಂದೋ ನಿಲ್ಲಬೇಕಿತ್ತು. ಶಿಲುಬೆಯ ಮುಂದೆ ಮಾಡಿದ ಪ್ರತಿಜ್ಞೆ ಸಂಬಳದ ದಿನ ಮುರಿದುಬೀಳುವುದನ್ನು ನೀವೂ ಕಂಡಿದ್ದೀರಿ. ಪ್ರತಿಜ್ಞೆ ಸುಳ್ಳಾಗಿತ್ತೆಂದಲ್ಲ, ಮದ್ಯದ ಅವಲಂಬನೆ ದೇಹವನ್ನೂ ಮನಸ್ಸನ್ನೂ ಹಿಡಿಯುವ ಒಂದು ಕಾಯಿಲೆ. ಕಾಯಿಲೆಯವನಿಗೆ ಮೊದಲು ಬೇಕಾದದ್ದು ವೈದ್ಯರು. ಅನಂತರ ಬಹುಕಾಲ ಬೇಕಾದದ್ದು ಜೊತೆಗಾರರು.

ಈ ಜೊತೆಗಾರಿಕೆಯ ಕಥೆ ಆರಂಭವಾದದ್ದು 1935ರಲ್ಲಿ, ಅಮೆರಿಕದ ಏಕ್ರನ್ ಎಂಬ ಪಟ್ಟಣದಲ್ಲಿ. ನ್ಯೂಯಾರ್ಕಿನಿಂದ ವ್ಯವಹಾರಕ್ಕೆಂದು ಬಂದಿದ್ದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಕೈಕೊಟ್ಟಿತು. ಹೋಟೆಲಿನ ಪಡಸಾಲೆಯಲ್ಲಿ ಒಂದು ಬದಿಗೆ ಮದ್ಯದಂಗಡಿಯ ಗದ್ದಲ, ಇನ್ನೊಂದು ಬದಿಗೆ ಊರಿನ ದೇವಾಲಯಗಳ ಪಟ್ಟಿ. ಆತ ಪಟ್ಟಿಯತ್ತ ನಡೆದು, ಒಬ್ಬ ಪಾದ್ರಿಗೆ ದೂರವಾಣಿ ಮಾಡಿ, ಈ ಊರಿನಲ್ಲಿ ತನ್ನಂತೆಯೇ ನರಳುತ್ತಿರುವ ಇನ್ನೊಬ್ಬನನ್ನು ತೋರಿಸಿಕೊಡಿ ಎಂದು ಬೇಡಿದ. ಹೀಗೆ ಸಿಕ್ಕವರು ಶಸ್ತ್ರವೈದ್ಯ ರಾಬರ್ಟ್ ಸ್ಮಿತ್. ಹದಿನೈದು ನಿಮಿಷ ಸಾಕು ಎಂದುಕೊಂಡು ಬಂದ ವೈದ್ಯರು ಗಂಟೆಗಟ್ಟಲೆ ಕುಳಿತರು. ಜೂನ್ 10ರಂದು ಅವರು ಕುಡಿದದ್ದೇ ಕೊನೆಯ ಗುಟುಕು; ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗ ತನ್ನ ಹುಟ್ಟುಹಬ್ಬವೆಂದು ಎಣಿಸುವುದು ಅದೇ ದಿನವನ್ನು. ಗಮನಿಸಿ, ಬಿಲ್ ಉಪದೇಶಕನನ್ನು ಹುಡುಕಲಿಲ್ಲ, ಇನ್ನೊಬ್ಬ ರೋಗಿಯನ್ನು ಹುಡುಕಿದ.

ಇಂತಹ ಗುಂಪು ನಮ್ಮೂರಿನಲ್ಲಿ ಎಲ್ಲಿದೆ ಎಂದು ನೀವು ಕೇಳಬಹುದು. ಫಲಕ ಹಾಕಿಕೊಂಡು ಕೂರುವ ಜನ ಅವರಲ್ಲ. ಸಂಜೆ ಬಾಡಿಗೆಗೆ ಸಿಕ್ಕ ಶಾಲೆಯ ಕೊಠಡಿಯಲ್ಲೋ ದೇವಾಲಯದ ಸಭಾಂಗಣದಲ್ಲೋ ಸೇರುತ್ತಾರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕೇಳಿ. ಬೆಂಗಳೂರಿನ ಸಮೀಪದಲ್ಲಿರುವವರಿಗೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವೇ ಇದೆ. ವ್ಯಸನಮುಕ್ತಿಗಾಗಿ 14446, ಮನಸ್ಸಿನ ಆರೋಗ್ಯಕ್ಕಾಗಿ 14416 ಎಂಬ ಉಚಿತ ಸಹಾಯವಾಣಿಗಳಿವೆ. ಹಳ್ಳಿಗಳಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳೂ, ಶಿಬಿರ ಮುಗಿಸಿದವರ ನವಜೀವನ ಸಮಿತಿಗಳೂ ಎಷ್ಟೋ ಮನೆಗಳಿಗೆ ಆಸರೆಯಾಗಿವೆ. ಗುಂಪಿನ ಮಾತು ಯಾವ ಭಾಷೆಯಲ್ಲಿ ನಡೆಯುತ್ತದೆಂದು ಮೊದಲೇ ವಿಚಾರಿಸಿಕೊಳ್ಳಿ. ಅಳು ಬರುವುದು ಮನೆಮಾತಿನಲ್ಲೇ ಅಲ್ಲವೇ?

ನಮ್ಮ ಧರ್ಮಕೇಂದ್ರದ ಒಬ್ಬ ಗಾರೆ ಕೆಲಸದವರು, ಊರಿನವರ ಕಣ್ಣಿಗೆ ಬೀಳುವ ಅಂಜಿಕೆಯಿಂದ ಪಕ್ಕದ ಪಟ್ಟಣದ ಗುಂಪನ್ನು ಆರಿಸಿಕೊಂಡರು. ಹೊರಗಿನವರಿಗೂ ಪ್ರವೇಶವಿರುವ ಮುಕ್ತ ಸಭೆಯಾದ್ದರಿಂದ ನಾನೂ ಬಸ್ಸಿನಲ್ಲಿ ಜೊತೆಗೆ ಹೋದೆ. ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ಮೊಣಕಾಲು ಮಡಚಿ ಕುಳಿತ ಹನ್ನೆರಡು ಗಂಡಸರು, ಇಬ್ಬರು ಹೆಂಗಸರು. ಹಾಜರಿ ಪುಸ್ತಕವಿಲ್ಲ, ಶುಲ್ಕವಿಲ್ಲ, ಮನೆತನದ ಹೆಸರು ಕೇಳುವವರಿಲ್ಲ. ಹಾಲು ತರಲು ಹೋಗಿ ಮೂರನೆಯ ದಿನ ಖಾಲಿ ಪಾತ್ರೆಯೊಂದಿಗೆ ಮನೆಗೆ ಮರಳಿದ ಕಥೆಯನ್ನು ಒಬ್ಬರು ಹೇಳಿದಾಗ ಇಡೀ ಕೊಠಡಿ ನಕ್ಕಿತು. ನಮ್ಮವರೂ ನಕ್ಕರು. ಅವರ ನಗುವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಮರಳುವಾಗ, “ಮುಂದಿನ ವಾರ ನೀವು ಬರುವುದು ಬೇಡ ಸ್ವಾಮಿ. ನೀವಿದ್ದರೆ ನಾನು ಬರೀ ಒಳ್ಳೆಯ ಮಾತೇ ಆಡಿಬಿಡುತ್ತೇನೆ” ಎಂದರು. ಗುರುವಾದವನಿಗೆ ಇದಕ್ಕಿಂತ ಸಂತೋಷದ ಬೀಳ್ಕೊಡುಗೆ ಇಲ್ಲ.

ಇದು ಬೇರೊಂದು ಪಂಥವೇ, ಪಾಪನಿವೇದನೆಗೆ ಬದಲಿಯೇ ಎಂದು ಹಿರಿಯರು ಕೆಲವರು ಶಂಕಿಸುತ್ತಾರೆ. ಎರಡೂ ಅಲ್ಲ. ದೇವರನ್ನು ತನ್ನ ಅರಿವಿಗೆ ಬಂದಂತೆ ನೆನೆಯಲು ಅಲ್ಲಿ ಪ್ರತಿಯೊಬ್ಬನಿಗೂ ಎಡೆಯಿದೆ. ಆ ಹನ್ನೆರಡು ಮೆಟ್ಟಿಲುಗಳಿಗೂ ಸಂತ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಗೂ ಇರುವ ಹೋಲಿಕೆಯನ್ನು ಕಂಡು, ಯೇಸುಸಭೆಯ ಗುರು ಎಡ್ವರ್ಡ್ ಡೌಲಿಂಗ್ 1940ರಲ್ಲಿ ಬಿಲ್‌ರನ್ನು ಹುಡುಕಿಕೊಂಡು ಹೋದರು. ಅವರ ಸ್ನೇಹ ಕೊನೆಯವರೆಗೂ ಉಳಿಯಿತು. ಅದಕ್ಕೂ ಒಂದು ವರ್ಷ ಮೊದಲೇ ಏಕ್ರನ್ನಿನ ಸಂತ ತೋಮಾಸರ ಆಸ್ಪತ್ರೆಯಲ್ಲಿ ಭಗಿನಿ ಇಗ್ನೇಷಿಯಾ ಕುಡುಕರಿಗೆ ಹಾಸಿಗೆ ಕೊಡತೊಡಗಿದ್ದರು. ಆಗ ಅಂಥವರನ್ನು ರೋಗಿಗಳೆಂದು ಒಪ್ಪುವ ಆಸ್ಪತ್ರೆಗಳು ವಿರಳವಾಗಿದ್ದವು.

ಮನೆಯವರಿಗೆ ಎರಡು ಎಚ್ಚರಿಕೆಗಳು. ದೀರ್ಘಕಾಲ ಅತಿಯಾಗಿ ಕುಡಿದವರು ಏಕಾಏಕಿ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ನಿಗಾ ಬೇಕೇ ಬೇಕು. ಇನ್ನು, ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿಕೊಡಿ ಎಂದು ಮಾರುವ ಪುಡಿ, ಮಾತ್ರೆಗಳನ್ನು ನಂಬಬೇಡಿ. ಅಂಥ ಕೆಲವು ಔಷಧಿಗಳ ಮೇಲೆ ಆತ ತಿಳಿಯದೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಎರವಾದೀತು. ಹೆಂಡತಿ ಮಕ್ಕಳಿಗಾಗಿಯೇ 1951ರಿಂದ ಅಲ್-ಅನಾನ್ ಎಂಬ ಬಳಗವಿದೆ. ಗಂಡ ಗುಂಪಿಗೆ ಹೋಗಲೊಪ್ಪದಿದ್ದರೂ ಹೆಂಡತಿ ಇದಕ್ಕೆ ಹೋಗಬಹುದು.

ಆ ಗಾರೆ ಕೆಲಸದವರು ಹನ್ನೊಂದನೆಯ ತಿಂಗಳಲ್ಲಿ ಒಮ್ಮೆ ಜಾರಿದರು. ಮರುವಾರ ಮತ್ತೆ ಅದೇ ಬೆಂಚಿನಲ್ಲಿ ಕುಳಿತು ಹೇಳಿಕೊಂಡರಂತೆ. ಈ ವರ್ಷ ಅವರ ಮಗಳ ಮದುವೆಯಾಯಿತು. ಮದ್ಯವಿಲ್ಲದ ಮದುವೆ ಮದುವೆಯೇ ಎಂದು ಮೂಗು ಮುರಿಯುವ ನೆಂಟರು ನಮ್ಮಲ್ಲಿ ಕಡಿಮೆಯೇನಲ್ಲ. ಎಲ್ಲರ ಕೈಗೂ ನಿಂಬೆಹಣ್ಣಿನ ಪಾನಕವೇ ಬಂತು. ಪಕ್ಕದ ಪಟ್ಟಣದಿಂದ ಬಂದಿದ್ದ ನಾಲ್ವರು ಅದನ್ನು ಎರಡೆರಡು ಲೋಟ ಕುಡಿದು, ಊಟ ಬಡಿಸಲು ನಿಂತರು.